ಇರುತ್ತೇನೆ ಅಂದವನನ್ನು ಕಳಿಸಿದರು, ಊರಿಗೆ ಹೋದವನನ್ನು ಬೈದರು

ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್‌ನ ಫೈನಲ್ಸ್ ಜೂನ್‌ನಲ್ಲಿ ಮುಗಿಯುತ್ತದೆ. ಮತ್ತೆ ಆಟ ನೋಡಬೇಕೆಂದರೆ ಅಕ್ಟೋಬರ್‌ವರೆಗೆ ಕಾಯಬೇಕು. ಆದರೆ ಕೆನಡಾದ ಟೊರಾಂಟೊ ಸುತ್ತಮುತ್ತಲಿನ ನಮ್ಮಂಥ ರ‍್ಯಾಪ್ಟರ್ಸ್ ಅಭಿಮಾನಿಗಳು ಜಾಸ್ತಿ ಮಾತಾಡುವುದು, ಜಾಸ್ತಿ ವಾದ ಮಾಡುವುದು, ರಾತ್ರಿ ನಿದ್ದೆಗೆಟ್ಟು ಫೋನ್ ಹಿಡಿದು ಕೂರುವುದು ಆ ಆಟವಿಲ್ಲದ ತಿಂಗಳುಗಳಲ್ಲೇ. ಯಾರ ಕರಾರು ಮುಗಿಯಿತು, ಯಾರನ್ನು ಕೊಟ್ಟು ಯಾರನ್ನು ತರುತ್ತಾರೆ, ಯಾವ ಆಟಗಾರ ಯಾವ ಊರಿನಲ್ಲಿ ಮನೆ ನೋಡುತ್ತಿದ್ದಾನಂತೆ, ಎಲ್ಲವೂ ಸುದ್ದಿ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಮಾತು ಅಂತ ಎಲ್ಲರಿಗೂ ಗೊತ್ತು. ಆದರೂ ಬಿಡುವುದಿಲ್ಲ.

ಇಂಥ ಬೇಸಿಗೆಗಳನ್ನು ತುಂಬಾ ನೋಡಿದ್ದೇನೆ. ಆದರೆ 2018ರ ಜುಲೈನಿಂದ 2019ರ ಜುಲೈವರೆಗಿನ ಒಂದು ವರ್ಷ ಮಾತ್ರ ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಆ ವರ್ಷ ನಮ್ಮ ತಂಡ ಕಪ್ ಗೆದ್ದಿತು, ಅದೊಂದು ಕಾರಣ. ಇನ್ನೊಂದು ಕಾರಣ ಬೇರೆ. ಅಭಿಮಾನಿಗಳು ಆಟಗಾರರಿಂದ ನಿಷ್ಠೆ ಕೇಳುತ್ತಾರಲ್ಲ, ಆ ಬೇಡಿಕೆ ಎಷ್ಟು ಒಂದೇ ಕಡೆಗೆ ವಾಲಿದೆ ಅನ್ನುವುದು ಆ ವರ್ಷ ಕಂಡಷ್ಟು ಚೆನ್ನಾಗಿ ಬೇರೆ ಯಾವತ್ತೂ ಕಂಡಿಲ್ಲ.

ಡಿಮಾರ್ ಡಿರೋಜನ್‌ನಿಂದ ಶುರು ಮಾಡಬೇಕು. ಅವನು ಲಾಸ್ ಏಂಜಲಿಸ್ ಪಕ್ಕದ ಕಾಂಪ್ಟನ್ ಹುಡುಗ. 2009ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವುದು) 9ನೇ ಆಯ್ಕೆಯಾಗಿ ಟೊರಾಂಟೊಗೆ ಬಂದ. ಮರುವರ್ಷವೇ ತಂಡದ ದೊಡ್ಡ ಆಟಗಾರ ಕ್ರಿಸ್ ಬಾಶ್ ಮಯಾಮಿಗೆ ಹೊರಟುಹೋದ. ಆಗ 20 ವರ್ಷದ ಈ ಹುಡುಗ ಟ್ವಿಟರ್‌ನಲ್ಲಿ ಒಂದು ಸಾಲು ಬರೆದ. ಚಿಂತೆ ಮಾಡಬೇಡಿ, ನಾನು ನೋಡಿಕೊಳ್ಳುತ್ತೇನೆ ಅನ್ನುವ ಅರ್ಥದ್ದು.

ಆ ಸಾಲು ಟೊರಾಂಟೊಗೆ ಎಷ್ಟು ಬೇಕಾಗಿತ್ತು ಅನ್ನುವುದು ತಿಳಿಯಬೇಕಾದರೆ ಈ ಊರಿನ ಹಳೆಯ ನೋವು ತಿಳಿದಿರಬೇಕು. ತಂಡ ಆಡಲು ಶುರು ಮಾಡಿದ್ದು 1995ರಲ್ಲಿ. ಮೊದಲ ತಾರೆ ಡೇಮನ್ ಸ್ಟೌಡಮೈರ್ 1998ರಲ್ಲಿ ಹೋದ. ಟ್ರೇಸಿ ಮೆಕ್‌ಗ್ರೇಡಿ 2000ದಲ್ಲಿ ಹೋದ. ವಿನ್ಸ್ ಕಾರ್ಟರ್ 2004ರಲ್ಲಿ ಹೋದ. ಆಮೇಲೆ ಬಾಶ್. 2001ರಲ್ಲಿ ವ್ಯಾಂಕೂವರ್ ತಂಡವೇ ಮೆಂಫಿಸ್‌ಗೆ ಗಂಟುಮೂಟೆ ಕಟ್ಟಿದ ಮೇಲೆ ಅಮೆರಿಕದ ಹೊರಗೆ ಉಳಿದ ಎನ್‌ಬಿಎ ತಂಡ ಇದೊಂದೇ. ಚಳಿ ಜಾಸ್ತಿ, ಬೇರೆ ದೇಶ, ತೆರಿಗೆ ಜಾಸ್ತಿ, ಅಮೆರಿಕದ ಟಿವಿಯವರು ನಮ್ಮ ಆಟ ತೋರಿಸುವುದು ಕಮ್ಮಿ. ಹೀಗೆ ಪ್ರತಿ ಬೇಸಿಗೆಯೂ ಇಲ್ಲಿಗೆ ಯಾಕೆ ಯಾರೂ ಬರುವುದಿಲ್ಲ ಅನ್ನುವುದರ ಪಟ್ಟಿ ಓದಿಸುತ್ತಿದ್ದರು. ಬೇರೆ ಬೇರೆ ದೇಶಗಳಿಂದ ಇಷ್ಟಪಟ್ಟು ಬಂದವರು ತುಂಬಿರುವ ಊರಿಗೆ ಇದು ಸ್ವಲ್ಪ ಜಾಸ್ತಿಯೇ ಚುಚ್ಚುತ್ತಿತ್ತು. ನಾವು ಸಾವಿರಾರು ಮೈಲಿ ದಾಟಿ ಬಂದಿದ್ದೇವೆ, ನೀವು ಪಕ್ಕದ ದೇಶದಿಂದ ಬರುವುದಕ್ಕೆ ಇಷ್ಟು ಯೋಚನೆಯೇ ಅಂತ.

ಡಿರೋಜನ್ ಬಂದ, ಇದ್ದ. 2016ರಲ್ಲಿ ಅವನ ಕರಾರು ಮುಗಿದಾಗ ಇಡೀ ಲೀಗ್ ಕಣ್ಣು ಲಾಸ್ ಏಂಜಲಿಸ್ ಕಡೆಗಿತ್ತು. ಊರ ಹುಡುಗ, ಅಲ್ಲಿನ ಲೇಕರ್ಸ್ ತಂಡದ ಹತ್ತಿರ ಬೇಕಾದಷ್ಟು ಹಣ, ಹೋಗೇ ಹೋಗ್ತಾನೆ ಅಂತ ಎಲ್ಲರೂ ಬರೆದರು. ಅವನು ಬೇರೆ ಒಂದು ತಂಡದ ಜತೆಗೂ ಮಾತಿಗೆ ಕೂರಲಿಲ್ಲ. ಐದು ವರ್ಷಕ್ಕೆ 13.9 ಕೋಟಿ ಡಾಲರ್ ಕರಾರಿಗೆ ಟೊರಾಂಟೊದಲ್ಲೇ ಸಹಿ ಹಾಕಿದ. ಇದೇ ಡಿರೋಜನ್ 2018ರ ಫೆಬ್ರವರಿಯಲ್ಲಿ ತನಗೆ ಖಿನ್ನತೆ ಕಾಡುತ್ತಿದೆ ಅಂತ ಬಾಯಿಬಿಟ್ಟು ಹೇಳಿದ. ಆ ಮಟ್ಟದ ಆಟಗಾರನೊಬ್ಬ ಹಾಗೆ ಹೇಳಿದ್ದು ತುಂಬಾ ಜನರಿಗೆ ಧೈರ್ಯ ಕೊಟ್ಟಿತು. ನನಗೆ ಅವನು ಇಷ್ಟವಾಗುವುದಕ್ಕೆ ಅವನ ಹಳೇ ಶೈಲಿಯ ಮಿಡ್‌ರೇಂಜ್ ಶಾಟ್ ಎಷ್ಟು ಕಾರಣವೋ ಆ ಮಾತೂ ಅಷ್ಟೇ ಕಾರಣ.

ಆ ಸೀಸನ್‌ನಲ್ಲಿ ರ‍್ಯಾಪ್ಟರ್ಸ್ 59 ಪಂದ್ಯ ಗೆದ್ದರು. ಪ್ಲೇಆಫ್‌ನಲ್ಲಿ ಲೆಬ್ರಾನ್ ಜೇಮ್ಸ್ ಇದ್ದ ಕ್ಲೀವ್‌ಲ್ಯಾಂಡ್ ಕೈಯಲ್ಲಿ ಏಳು ಪಂದ್ಯಗಳ ಸರಣಿಯನ್ನು 4-0 ಸೋತರು. ಸತತ ಮೂರನೇ ವರ್ಷ ಅದೇ ತಂಡದ ಎದುರು ಮನೆಗೆ ಬಂದಿದ್ದು. ಕೋಚ್ ಡ್ವೇನ್ ಕೇಸಿಯನ್ನು ತೆಗೆದರು. ತೆಗೆದ ಮೇಲೆ ಅವರಿಗೇ ಆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಬಂತು. ಆಮೇಲೆ ಜುಲೈ 18. ಡಿರೋಜನ್, ಯಾಕೊಬ್ ಪೋಲ್ಟಲ್ ಮತ್ತು ಒಂದು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯ ಹಕ್ಕನ್ನು ಸ್ಯಾನ್ ಆಂಟೋನಿಯೋಗೆ ಕೊಟ್ಟು ಕವಾಯ್ ಲೆನರ್ಡ್ ಮತ್ತು ಡ್ಯಾನಿ ಗ್ರೀನ್‌ರನ್ನು ತಂದರು.

ಹೇಳೋದು ಒಂದು, ಆಗೋದು ಇನ್ನೊಂದು, ಇವರನ್ನು ನಂಬೋಕಾಗಲ್ಲ, ಈ ಆಟದಲ್ಲಿ ನಿಷ್ಠೆ ಅನ್ನೋದಿಲ್ಲ. ಡಿರೋಜನ್ ಅವತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದರ ತಾತ್ಪರ್ಯ ಇಷ್ಟು. ತಂಡದ ಅಧ್ಯಕ್ಷ ಮಸಾಯ್ ಉಜಿರಿ ಆಮೇಲೆ ಪತ್ರಕರ್ತರ ಮುಂದೆ, ಮಾತುಕತೆಯಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಾಗಿದ್ದರೆ ಕ್ಷಮೆ ಇರಲಿ ಅಂದರು. ಊರು ಒಂದು ವಾರ ಬೇಸರ ಮಾಡಿಕೊಂಡಿತು. ಟೊರಾಂಟೊ ಪಕ್ಕದ ನಮ್ಮ ಮಿಸಿಸಾಗಾ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, "ಪಾಪ ಅನ್ಸತ್ತೆ ಸಾರ್, ಆದ್ರೆ ಏನ್ ಮಾಡೋದು, ಇದು ಬಿಸಿನೆಸ್ ಅಲ್ವಾ" ಅಂದರು. ಎಲ್ಲರೂ ಹೌದು ಹೌದು ಅಂದರು. ಈ "ಬಿಸಿನೆಸ್ ಅಲ್ವಾ" ಅನ್ನುವ ಮಾತು ನೆನಪಿರಲಿ. ಒಂದೇ ವರ್ಷದಲ್ಲಿ ಅದು ಎಲ್ಲಿ ಕಾಣೆಯಾಯಿತು ಅಂತ ಮುಂದೆ ಹೇಳುತ್ತೇನೆ.

ಆಟವನ್ನು ಅಷ್ಟಾಗಿ ನೋಡದವರಿಗೆ ವ್ಯವಸ್ಥೆಯ ಬಗ್ಗೆ ಒಂದೆರಡು ಮಾತು. ಆಟಗಾರ ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಟ್ರೇಡ್. ಕರಾರು ಇನ್ನೂ ಇರುವಾಗಲೇ ತಂಡ ಅವನನ್ನು ಬೇರೆ ತಂಡಕ್ಕೆ ಕೊಡುತ್ತದೆ, ಕರಾರು ಅವನ ಜತೆಗೇ ಹೋಗುತ್ತದೆ. ಕೆಲವೇ ಕೆಲವರನ್ನು ಬಿಟ್ಟರೆ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿಲ್ಲ. ಬೆಳಿಗ್ಗೆ ಒಂದು ಊರು, ಸಂಜೆ ಇನ್ನೊಂದು ಊರು. ಹೆಂಡತಿ ಮಕ್ಕಳು, ಶಾಲೆ, ಮನೆ ಸಾಲ ಎಲ್ಲ ಅವನೇ ನೋಡಿಕೊಳ್ಳಬೇಕು. ಇನ್ನೊಂದು ಫ್ರೀ ಏಜೆನ್ಸಿ. ಕರಾರು ಮುಗಿದ ಮೇಲೆ ತನಗೆ ಬೇಕಾದ ತಂಡವನ್ನು ತಾನೇ ಆರಿಸಿಕೊಳ್ಳುವುದು. ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಇದು ಸ್ವಲ್ಪ ಹೊಸದು. ಅಲ್ಲಿ ಹರಾಜಿಗೆ ನಿಂತವನಿಗೆ ಯಾರು ಜಾಸ್ತಿ ಕೂಗುತ್ತಾರೋ ಅವರೇ ಗತಿ. ನಮ್ಮ ದ್ರಾವಿಡ್ ಆರ್‌ಸಿಬಿಯಲ್ಲಿ ಮೂರು ವರ್ಷ ಆಡಿ 2011ರ ಹರಾಜಿನಲ್ಲಿ ರಾಜಸ್ಥಾನಕ್ಕೆ ಹೋದಾಗ ಅದನ್ನು ಯಾರಾದರೂ ದ್ರೋಹ ಅಂದರೇ?

ಅಮೆರಿಕದಲ್ಲೂ ಈ ಹಕ್ಕು ಸುಮ್ನೆ ಸಿಕ್ಕಿದ್ದಲ್ಲ. ಮೊದಲೆಲ್ಲ ಕರಾರು ಮುಗಿದರೂ ಆಟಗಾರ ಹಳೇ ತಂಡಕ್ಕೇ ಕಟ್ಟುಬಿದ್ದಿರುತ್ತಿದ್ದ. 1970ರಲ್ಲಿ ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಲೀಗ್ ವಿರುದ್ಧ ಕೋರ್ಟಿಗೆ ಹೋದರು. ಆಗಿನ ಕಾಲದ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರು. ಹೆಸರು, ದುಡ್ಡು ಎಲ್ಲ ಇದ್ದವರು ಇನ್ನೊಬ್ಬರಿಗಾಗಿ ಮೈಮೇಲೆ ಹಾಕಿಕೊಂಡ ಕೆಲಸ ಅದು. ರಾಜಿಯಾಗಿದ್ದು 1976ರಲ್ಲಿ. ಅದಾದ ಮೇಲೂ ಆಟಗಾರ ಒಪ್ಪಿದ ಮೊತ್ತವನ್ನೇ ಕೊಟ್ಟು ಅವನನ್ನು ಉಳಿಸಿಕೊಳ್ಳುವ ಅಧಿಕಾರ ಹಳೇ ತಂಡಕ್ಕೆ ಇತ್ತು. ಯಾವ ಅಡ್ಡಿಯೂ ಇಲ್ಲದೆ ತಂಡ ಬದಲಿಸಿದ ಮೊದಲ ಆಟಗಾರ ಟಾಮ್ ಚೇಂಬರ್ಸ್, 1988ರಲ್ಲಿ, ಸಿಯಾಟಲ್‌ನಿಂದ ಫೀನಿಕ್ಸ್‌ಗೆ. ರಾಬರ್ಟ್‌ಸನ್ ಕೋರ್ಟ್ ಮೆಟ್ಟಿಲು ಹತ್ತಿ 18 ವರ್ಷ ಕಳೆದಿತ್ತು. ನಾವು ಇವತ್ತು ಬೇಸಿಗೆಯಲ್ಲಿ ಇಷ್ಟೊಂದು ಲೆಕ್ಕ ಹಾಕಿ ಖುಷಿಪಡುತ್ತೇವಲ್ಲ, ಅದು ಆ ಮನುಷ್ಯನ ಹಟದಿಂದ ಸಿಕ್ಕಿದ ಖುಷಿ.

ಈಗ ಕವಾಯ್ ವಿಷಯ. ಅವನೂ ದಕ್ಷಿಣ ಕ್ಯಾಲಿಫೋರ್ನಿಯಾದವನು. ಲಾಸ್ ಏಂಜಲಿಸ್‌ನಿಂದ ಒಳಗೆ ಹೋದರೆ ಸಿಗುವ ರಿವರ್‌ಸೈಡ್, ಮೊರೇನೊ ವ್ಯಾಲಿ ಕಡೆಯವನು. ಕಾಲೇಜು ಸ್ಯಾನ್ ಡಿಯೇಗೊದಲ್ಲಿ. 2014ರಲ್ಲಿ ಸ್ಯಾನ್ ಆಂಟೋನಿಯೋ ಪರವಾಗಿ ಫೈನಲ್ಸ್‌ನ ಶ್ರೇಷ್ಠ ಆಟಗಾರ. ತೊಡೆಯ ಗಾಯದಿಂದ 2017-18ರಲ್ಲಿ ಆಡಿದ್ದು ಬರೀ 9 ಪಂದ್ಯ. ತಂಡದ ಜತೆ ಮನಸ್ತಾಪ, ಟ್ರೇಡ್ ಬೇಕು ಅಂದ. ಅವನ ಮನಸ್ಸಿದ್ದದ್ದು ಊರಿನ ಕಡೆಗೆ. ಅವನು ಟೊರಾಂಟೊವನ್ನು ಕೇಳಿರಲಿಲ್ಲ. ಮುಂದಿನ ಬೇಸಿಗೆಗೇ ಕರಾರಿನಿಂದ ಹೊರಬರುವ ಅವಕಾಶವೂ ಅವನಿಗಿತ್ತು. ಅಂದರೆ ಒಂದೇ ವರ್ಷ ಕೈಲಿರುವ ಆಟಗಾರನಿಗಾಗಿ ಉಜಿರಿ ಅಷ್ಟು ದೊಡ್ಡ ಪಣ ಇಟ್ಟರು. ಇದು ಎಲ್ಲರಿಗೂ ಮೊದಲ ದಿನದಿಂದಲೇ ಗೊತ್ತಿತ್ತು. ಯಾರೂ ಯಾರಿಗೂ ಸುಳ್ಳು ಹೇಳಲಿಲ್ಲ.

ಬಂದವನು ಏನು ಕೊಟ್ಟ ಅಂತ ಹೇಳಲು ಶುರು ಮಾಡಿದರೆ ಬೇರೆ ಬರಹವೇ ಆಗುತ್ತದೆ. 2019ರ ಮೇ 12, ಫಿಲಡೆಲ್ಫಿಯಾ ಎದುರು ಏಳನೇ ಪಂದ್ಯ, 90-90. ಬಲಗಡೆ ಮೂಲೆಯಿಂದ ಎಸೆದ ಚೆಂಡು ರಿಂಗ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಎನ್‌ಬಿಎ ಇತಿಹಾಸದಲ್ಲಿ ಒಂದು ಏಳನೇ ಪಂದ್ಯ ಹಾಗೆ ಕೊನೇ ಬಜರ್ ಜತೆಗೇ ತೀರ್ಮಾನವಾಗಿದ್ದು ಅದೇ ಮೊದಲು. ಜೂನ್ 13ರಂದು ಓಕ್ಲೆಂಡ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು ಆರನೇ ಪಂದ್ಯ 114-110. ಅಮೆರಿಕದ ಹೊರಗಿನ ತಂಡವೊಂದು ಮೊದಲ ಬಾರಿ ಚಾಂಪಿಯನ್. ಸಾಲ್ವಾರ್ ಹಾಕಿದವರು, ಪೇಟ ಕಟ್ಟಿದವರು, ಜಮೈಕಾದವರು, ಫಿಲಿಪೀನ್ಸ್‌ನವರು, ಇಲ್ಲೇ ಹುಟ್ಟಿದವರು ಎಲ್ಲರೂ ಬೀದಿಗಿಳಿದು ಗುರುತಿಲ್ಲದವರನ್ನು ತಬ್ಬಿಕೊಂಡ ರಾತ್ರಿ ಅದು. ಈ ಊರು ನನ್ನದೂ ಹೌದು ಅಂತ ನನಗೆ ಪೂರ್ತಿ ಅನ್ನಿಸಿದ್ದು ಅವತ್ತು. ಪೌರತ್ವದ ಕಾಗದ ಬಂದ ದಿನ ಹಾಗನ್ನಿಸಿರಲಿಲ್ಲ.

ನಾಲ್ಕು ದಿನ ಬಿಟ್ಟು ಮೆರವಣಿಗೆ. ಹತ್ತು ಲಕ್ಷಕ್ಕೂ ಜಾಸ್ತಿ ಜನ ಅಂತ ಅಂದಾಜು. ಅಲ್ಲಿಂದಲೇ ಕವಾಯ್ ಇರ್ತಾನಾ ಹೋಗ್ತಾನಾ ಅನ್ನುವ ಪ್ರಶ್ನೆ ಊರನ್ನು ಹಿಡಿದುಕೊಂಡಿತು.

ಆ ಮೂರು ವಾರದಂಥ ಊಹಾಪೋಹ ನಾನು ಇನ್ನೆಲ್ಲೂ ನೋಡಿಲ್ಲ. ಅವನು ಇಲ್ಲೇ ಮನೆ ಕೊಂಡಿದ್ದಾನಂತೆ. ಇಲ್ಲ, ಸಾಮಾನು ತುಂಬುವ ರಟ್ಟಿನ ಪೆಟ್ಟಿಗೆ ಕೊಂಡನಂತೆ. ಬ್ಲೂ ಜೇಸ್ ಬೇಸ್‌ಬಾಲ್ ಪಂದ್ಯಕ್ಕೆ ಬಂದಿದ್ದ, ನಗುತ್ತಿದ್ದ, ಹಾಗಾದರೆ ಇರ್ತಾನೆ. ಅವನು ಉಳಿದರೆ ಜೀವನಪೂರ್ತಿ ಊಟ ಫ್ರೀ ಅಂತ ಹೋಟೆಲುಗಳು ಬಾಗಿಲಿಗೆ ಚೀಟಿ ಅಂಟಿಸಿದವು. ನಾವು ಗುಂಪಿನಲ್ಲಿ ಸಂಬಳದ ಲೆಕ್ಕ ಹಾಕುತ್ತಿದ್ದೆವು. ಆ ವರ್ಷದ ಸಂಬಳದ ಮಿತಿ ಒಂದು ತಂಡಕ್ಕೆ 10.9 ಕೋಟಿ ಡಾಲರ್ ಚಿಲ್ಲರೆ. ತನ್ನ ಆಟಗಾರನನ್ನೇ ಉಳಿಸಿಕೊಳ್ಳುವಾಗ ತಂಡ ಆ ಮಿತಿ ದಾಟಬಹುದು, ಐದನೇ ವರ್ಷವನ್ನೂ ಕೊಡಬಹುದು. ಅದರ ಪ್ರಕಾರ ಟೊರಾಂಟೊ ಅವನಿಗೆ ಐದು ವರ್ಷಕ್ಕೆ ಸುಮಾರು 19 ಕೋಟಿ ಡಾಲರ್ ಕೊಡಬಹುದಿತ್ತು. ಬೇರೆಯವರು ನಾಲ್ಕು ವರ್ಷಕ್ಕೆ 14 ಕೋಟಿ ಆಸುಪಾಸು. ಆಫೀಸಿನಲ್ಲಿ ಎಕ್ಸೆಲ್ ಅಂದರೆ ಆಕಳಿಸುವವರೆಲ್ಲ ಆ ದಿನಗಳಲ್ಲಿ ಹಾಳೆ ಹಾಳೆ ತುಂಬಿಸಿದರು. ಈ ಲೆಕ್ಕಾಚಾರವನ್ನು ಕೆಲವರು ಕೆಲಸವಿಲ್ಲದವರ ಕೆಲಸ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ತಂಡ ಹೇಗೆ ಕಟ್ಟುತ್ತಾರೆ, ಹಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಒಬ್ಬ ಯಾಕೆ ಕಮ್ಮಿಗೆ ಒಪ್ಪುತ್ತಾನೆ ಅನ್ನುವುದನ್ನೆಲ್ಲ ನಾನು ಕಲಿತದ್ದು ಇಂಥ ಮಾತುಕತೆಯಲ್ಲೇ. ಪ್ರೀತಿ ಇಲ್ಲದವನು ಇಷ್ಟು ಲೆಕ್ಕ ಹಾಕುವುದಿಲ್ಲ.

ಆದರೆ ಜುಲೈ 3ರಂದು ಆಗಿದ್ದು ನನಗೆ ಸರಿ ಕಾಣಲಿಲ್ಲ. ಪಿಯರ್ಸನ್ ಏರ್‌ಪೋರ್ಟಿನಲ್ಲಿ ಒಂದು ವಿಮಾನ ಇಳಿಯಿತು, ಅದರಲ್ಲಿ ಕವಾಯ್ ಇದ್ದಾನೆ ಅಂತ ಸುದ್ದಿ ಹಬ್ಬಿ, ಕಪ್ಪು ಕಾರುಗಳ ಹಿಂದೆ ಟಿವಿ ಹೆಲಿಕಾಪ್ಟರ್ ಹಾರಿತು. ಹೈವೇ ಉದ್ದಕ್ಕೂ ನೇರ ಪ್ರಸಾರ. ಕಾರು ನಿಂತ ಹೋಟೆಲ್ ಮುಂದೆ ಜನ ಜಮಾಯಿಸಿದರು. ಅವನು ಮಾತು ಕಮ್ಮಿ, ಮನೆ ವಿಷಯ ಮನೆಯಲ್ಲೇ ಇಡುವವನು ಅಂತ ವರ್ಷವಿಡೀ ನೋಡಿದ್ದೆವು. ಅಂಥವನಿಗೆ ಇಲ್ಲೇ ಇರು ಅಂತ ಹೇಳುವ ರೀತಿಯೇ ಅದು?

ಬೇಸಿಗೆಯ ಸುದ್ದಿ ಓದುವಾಗ ನಾನು ಪಾಲಿಸುವ ಒಂದು ಪದ್ಧತಿ ಇದೆ. ಈ ಸುದ್ದಿ ಹೊರಗೆ ಬಂದರೆ ಲಾಭ ಯಾರಿಗೆ ಅಂತ ಕೇಳಿಕೊಳ್ಳುವುದು. ಆಗ ಏಡ್ರಿಯನ್ ವೋಜ್ನರೋಸ್ಕಿ, ಶಾಮ್ಸ್ ಚರಾನಿಯಾ ಇಂಥ ಸುದ್ದಿಗಾರರು ಹಾಕಿದರೆ ಆ ವ್ಯವಹಾರ ಬಹುತೇಕ ಆಗಿದೆ ಅಂತಲೇ ಅರ್ಥವಾಗಿತ್ತು. ಆದರೆ "ಇಂಥ ತಂಡ ಆಸಕ್ತಿ ತೋರಿಸಿದೆ" ಅನ್ನುವ ಸುದ್ದಿ ಬೇರೆ ಜಾತಿ. ಏಜೆಂಟ್ ತನ್ನ ಆಟಗಾರನ ಬೆಲೆ ಏರಿಸಲು ಬಿಟ್ಟಿರಬಹುದು. ತಂಡವೇ ಇನ್ನೊಂದು ತಂಡವನ್ನು ಹೆದರಿಸಲು ಬಿಟ್ಟಿರಬಹುದು. ಜೂನ್ 30ರ ಸಂಜೆ 6ಕ್ಕೆ ಮಾತುಕತೆ ಶುರು ಅಂತ ಆ ವರ್ಷದ ನಿಯಮವಿತ್ತು. ಶುರುವಾಗುವ ಹೊತ್ತಿಗೇ ಕೆವಿನ್ ಡ್ಯುರಾಂಟ್, ಕೈರಿ ಅರ್ವಿಂಗ್ ಇಬ್ಬರೂ ಬ್ರೂಕ್ಲಿನ್‌ಗೆ ಅಂತ ಸುದ್ದಿ ಬಂತು. ಹಾಗಾದರೆ ಮಾತು ಯಾವಾಗ ಆಯಿತು ಅಂತ ಎಲ್ಲರೂ ಕೇಳಿದರು. ಆ ಸೆಪ್ಟೆಂಬರ್‌ನಲ್ಲಿ ಲೀಗ್ ಇಂಥ ಮುಂಚಿತ ಮಾತಿಗೆ ದಂಡವನ್ನು 1 ಕೋಟಿ ಡಾಲರ್‌ವರೆಗೆ ಏರಿಸಿತು.

ಇನ್ನೊಂದು, ಬಾಯಿಮಾತಿಗೂ ಸಹಿಗೂ ನಡುವೆ ಕೆಲವು ದಿನ ಇರುತ್ತವೆ. ಆ ದಿನಗಳಲ್ಲಿ ಏನು ಬೇಕಾದರೂ ಆಗಬಹುದು. 2015ರಲ್ಲಿ ಡಿಆಂಡ್ರೆ ಜೋರ್ಡನ್ ಡಲ್ಲಾಸ್‌ಗೆ ಬರುತ್ತೇನೆ ಅಂತ ಒಪ್ಪಿದ್ದ. ಹಳೇ ತಂಡ, ಲಾಸ್ ಏಂಜಲಿಸ್‌ನದೇ ಇನ್ನೊಂದು ತಂಡ ಕ್ಲಿಪ್ಪರ್ಸ್‌ನವರು ಹ್ಯೂಸ್ಟನ್‌ನಲ್ಲಿ ಅವನ ಮನೆಗೇ ಹೋಗಿ ಕೂತು, ಸಹಿಯ ಗಳಿಗೆಯವರೆಗೆ ಜತೆಗಿದ್ದು, ಮನಸ್ಸು ಬದಲಾಯಿಸಿ ಉಳಿಸಿಕೊಂಡರು. ಡಲ್ಲಾಸ್ ಅಭಿಮಾನಿಗಳಿಗೆ ಅವತ್ತು ಹೇಗಾಗಿರಬೇಡ.

2019ಕ್ಕೆ ಬರೋಣ. ಕವಾಯ್ ಒಬ್ಬನ ಮೌನಕ್ಕೆ ಲೀಗ್‌ನ ಅರ್ಧ ವ್ಯವಹಾರ ನಿಂತಿತ್ತು. ಲೇಕರ್ಸ್ ಅವನಿಗಾಗಿ ಹಣ ಹಾಗೇ ಇಟ್ಟುಕೊಂಡಿದ್ದರು. ಡ್ಯಾನಿ ಗ್ರೀನ್ ತನ್ನ ತೀರ್ಮಾನ ಮಾಡಲಾಗದೆ ಕಾಯುತ್ತಿದ್ದ. ಜುಲೈ 5ರ ರಾತ್ರಿ ಕ್ಯಾಲಿಫೋರ್ನಿಯಾದಲ್ಲಿ 7.1 ತೀವ್ರತೆಯ ಭೂಕಂಪ. ಲಾಸ್ ವೇಗಸ್‌ನಲ್ಲಿ ಹೊಸ ಆಟಗಾರ ಜಯಾನ್ ವಿಲಿಯಮ್ಸನ್‌ನ ಮೊದಲ ಸಮ್ಮರ್ ಲೀಗ್ ಪಂದ್ಯ ನಡೆಯುತ್ತಿತ್ತು, ಕಟ್ಟಡ ಅಲುಗಾಡಿ ಪಂದ್ಯ ಅರ್ಧಕ್ಕೆ ನಿಲ್ಲಿಸಿದರು. ಅದಾದ ಕೆಲವೇ ಗಂಟೆಗೆ, ನಮ್ಮಲ್ಲಿ ರಾತ್ರಿ 2ರ ಹೊತ್ತು, ಸುದ್ದಿ ಬಂತು. ಕವಾಯ್ ಕ್ಲಿಪ್ಪರ್ಸ್‌ಗೆ. ಅಷ್ಟೇ ಅಲ್ಲ, ಅವನು ಬರಬೇಕಾದರೆ ಜತೆಗೆ ಬೇಕು ಅಂದ ಪಾಲ್ ಜಾರ್ಜ್‌ನನ್ನೂ ಒಕ್ಲಹೋಮಾ ಸಿಟಿಯಿಂದ ತರುತ್ತಿದ್ದಾರೆ. ಮೈಸೂರಿನಲ್ಲಿ ಬೆಳಿಗ್ಗೆ ಹನ್ನೊಂದೂವರೆ. ಅಕ್ಕನ ಮಗ, ನನಗಿಂತ ದೊಡ್ಡ ಬಾಸ್ಕೆಟ್‌ಬಾಲ್ ಹುಚ್ಚ, "ಮಾಮಾ, ಹೋದ್ನಂತೆ" ಅಂತ ಒಂದೇ ಸಾಲು ಕಳಿಸಿದ. "ನೋಡ್ದೆ ಕಣೋ" ಅಂದೆ. ಇಬ್ಬರಿಗೂ ಅದಕ್ಕಿಂತ ಜಾಸ್ತಿ ಮಾತು ಬರಲಿಲ್ಲ.

ಬೆಳಗಾದ ಮೇಲೆ ಬೈಗುಳ ಶುರುವಾಯಿತು. ಮೋಸಗಾರ, ನಂಬಿಕೆದ್ರೋಹಿ, ಹೇಡಿ. ಮುಂಚಿನ ವರ್ಷ "ಬಿಸಿನೆಸ್ ಅಲ್ವಾ" ಅಂದವರೇ ಈ ಸಲ ನಿಷ್ಠೆಯ ಮಾತಾಡಿದರು. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಡಿರೋಜನ್ ಹೋಗುತ್ತೇನೆ ಅಂದಿರಲಿಲ್ಲ. ಲಾಸ್ ಏಂಜಲಿಸ್ ಕರೆದಾಗಲೂ ತನ್ನೂರನ್ನು ಬೇಡ ಅಂದು ನಮ್ಮೂರಲ್ಲಿ ಉಳಿದವನು. ಅವನನ್ನು ಫೋನ್ ಮಾಡಿ ಕಳಿಸಿದರು, ಅದು ವ್ಯವಹಾರ. ಕವಾಯ್‌ನನ್ನು ಯಾರೂ ಕೇಳದೆ ಇಲ್ಲಿಗೆ ಕಳಿಸಿದರು, ಅದೂ ವ್ಯವಹಾರ. ಬಂದ ಕಡೆ ಬೇಸರ ತೋರಿಸದೆ ಆಡಿದ, ಕುಂಟುವ ಕಾಲಿನಲ್ಲೂ ಆಡಿದ, ಕಪ್ ಗೆಲ್ಲಿಸಿಕೊಟ್ಟ, ಕೊಟ್ಟ ಮಾತಿನ ಒಂದು ವರ್ಷ ಪೂರ್ತಿ ಮಾಡಿದ. ಆಮೇಲೆ ಬದುಕಿನಲ್ಲಿ ಮೊದಲ ಸಲ ತನ್ನ ತಂಡವನ್ನು ತಾನೇ ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. ಡ್ರಾಫ್ಟ್‌ನಲ್ಲಿ ಅವನನ್ನು ಆರಿಸಿದ್ದು ಇಂಡಿಯಾನಾ, ಅದೇ ರಾತ್ರಿ ಸ್ಯಾನ್ ಆಂಟೋನಿಯೋಗೆ ಕೊಟ್ಟರು. ಅಲ್ಲಿಂದ ಟೊರಾಂಟೊ. ಆರಿಸಿಕೊಳ್ಳುವ ಸರದಿ ತನ್ನದಾದಾಗ ತನ್ನವರು ಇರುವ ಕಡೆಗೆ ಹೋದ. 19 ಕೋಟಿ ಬಿಟ್ಟು ಮೂರು ವರ್ಷದ 10.3 ಕೋಟಿ ಕರಾರಿಗೆ ಸಹಿ ಹಾಕಿದ. ಇದರಲ್ಲಿ ದ್ರೋಹ ಯಾವುದು?

ಅದರಲ್ಲೂ ನಮ್ಮಂಥವರ ಬಾಯಲ್ಲಿ ಆ ಬೈಗುಳ ಕೇಳುವುದು ನನಗೆ ಕಷ್ಟವಾಯಿತು. ಹಾಸನ ಬಿಟ್ಟು ಬೆಂಗಳೂರಿಗೆ, ಬೆಂಗಳೂರು ಬಿಟ್ಟು ಇಲ್ಲಿಗೆ ಬಂದವರು ನಾವು. ಸಂಬಳ ಸ್ವಲ್ಪ ಜಾಸ್ತಿ ಅಂದರೆ ಕಂಪನಿ ಬಿಟ್ಟಿದ್ದೇವೆ, ಯಾರೂ ದ್ರೋಹಿ ಅನ್ನಲಿಲ್ಲ. ಅಪ್ಪ ಅಮ್ಮನ ಆರೋಗ್ಯ ಕೆಟ್ಟಾಗ ಒಳ್ಳೇ ಕೆಲಸ ಬಿಟ್ಟು ವಾಪಸ್ ಊರಿಗೆ ಹೋದ ಗೆಳೆಯರಿದ್ದಾರೆ, ಅವರ ಬಗ್ಗೆ ಗೌರವದಿಂದ ಮಾತಾಡುತ್ತೇವೆ. 28 ವರ್ಷದ ಒಬ್ಬ ಮನುಷ್ಯ ಮನೆ ಹತ್ತಿರ ಕೆಲಸ ಹುಡುಕಿಕೊಂಡರೆ ಅವನಿಗೆ ಮಾತ್ರ ಯಾಕೆ ಬೇರೆ ಅಳತೆ? ಸಂಬಳ ಕೋಟಿಗಳಲ್ಲಿದೆ ಅನ್ನುತ್ತಾರೆ. ಕೋಟಿ ತಗೊಂಡವನಿಗೆ ಮನೆ ನೆನಪಾಗಬಾರದು ಅಂತ ಯಾರು ಹೇಳಿದರು?

ಊರಿನ ಬಹುಪಾಲು ಜನ ಆಮೇಲೆ ಚೆನ್ನಾಗಿಯೇ ನಡೆದುಕೊಂಡರು ಅನ್ನುವುದನ್ನೂ ಹೇಳಬೇಕು. 2019ರ ಡಿಸೆಂಬರ್ 11ರಂದು ಕವಾಯ್ ಕ್ಲಿಪ್ಪರ್ಸ್ ಅಂಗಿಯಲ್ಲಿ ಬಂದ. ಪಂದ್ಯಕ್ಕೆ ಮುಂಚೆ ಕೈಲ್ ಲೌರಿ ಅವನಿಗೆ ಚಾಂಪಿಯನ್‌ಶಿಪ್ ಉಂಗುರ ಕೊಟ್ಟ. ಡಿರೋಜನ್‌ನ ಜೀವದ ಗೆಳೆಯ ಅದೇ ಲೌರಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದಕ್ಕೂ ಮುಂಚೆ, 2019ರ ಫೆಬ್ರವರಿ 22ರಂದು, ಡಿರೋಜನ್ ಸ್ಯಾನ್ ಆಂಟೋನಿಯೋ ಅಂಗಿಯಲ್ಲಿ ಬಂದಿದ್ದ. ಅವತ್ತೂ ಅಷ್ಟೇ ಜೋರು ಚಪ್ಪಾಳೆ. ಆದರೆ ಆ ಪಂದ್ಯದ ಕೊನೆ ನೋಡಲಾಗದಂಥದ್ದು. ಸ್ಯಾನ್ ಆಂಟೋನಿಯೋ ಒಂದು ಅಂಕ ಮುಂದೆ, ಇನ್ನು ಕೆಲವೇ ಸೆಕೆಂಡು, ಚೆಂಡು ಡಿರೋಜನ್ ಕೈಯಲ್ಲಿ. ಕವಾಯ್ ಆ ಚೆಂಡನ್ನು ಕಸಿದುಕೊಂಡು ಓಡಿ ಡಂಕ್ ಹೊಡೆದ. ನಮ್ಮ ತಂಡ 120-117 ಗೆದ್ದಿತು. ನಾನು ಕುಣಿಯಲಿಲ್ಲ.

ವಿನ್ಸ್ ಕಾರ್ಟರ್ ವಿಷಯದಲ್ಲಿ ಈ ಊರಿಗೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. 2004ರಲ್ಲಿ ಹೋದವನನ್ನು ಬಂದಾಗಲೆಲ್ಲ ಗೇಲಿ ಮಾಡಿದರು, ಸುಮಾರು ಹತ್ತು ವರ್ಷ. 2014ರಲ್ಲಿ ಅವನ ಹಳೇ ಆಟದ ವೀಡಿಯೊ ದೊಡ್ಡ ಪರದೆಯಲ್ಲಿ ಹಾಕಿದಾಗ ಅವನ ಕಣ್ಣಲ್ಲಿ ನೀರು, ಜನ ಎದ್ದು ನಿಂತರು. 2024ರ ನವೆಂಬರ್ 2ರಂದು ಅವನ 15ನೇ ನಂಬರಿನ ಅಂಗಿಯನ್ನು ಗೌರವಕ್ಕಾಗಿ ಛಾವಣಿಗೆ ಏರಿಸಿದರು. ರ‍್ಯಾಪ್ಟರ್ಸ್ ಇತಿಹಾಸದಲ್ಲಿ ಆ ಗೌರವ ಪಡೆದ ಮೊದಲನೆಯವನು. ಅವತ್ತಿನ ಎದುರಾಳಿ ಸ್ಯಾಕ್ರಮೆಂಟೊ ಕಿಂಗ್ಸ್. ಆ ತಂಡದಲ್ಲಿ ಡಿಮಾರ್ ಡಿರೋಜನ್ ಇದ್ದ. ಮುಂದೊಂದು ದಿನ ಅವನ 10ನೇ ನಂಬರೂ ಅದೇ ಸಾಲಿನಲ್ಲಿ ತೂಗಬೇಕು. ಇದರಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ. ಅವನನ್ನು ಕಳಿಸಿದ ಉಜಿರಿಯೂ 2025ರ ಜೂನ್‌ನಲ್ಲಿ ತಂಡದಿಂದ ಬೇರೆಯಾದರು. ಅವರು ಮಾಡಿದ ಟ್ರೇಡ್ ಆಟದ ದೃಷ್ಟಿಯಿಂದ ಸರಿ ಅಂತಲೇ ನಾನು ಹೇಳುತ್ತೇನೆ. ಕಪ್ ಬಂತಲ್ಲ. ಡಿರೋಜನ್‌ಗೆ ಆದ ನೋವೂ ಅಷ್ಟೇ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಆ ಜುಲೈ ರಾತ್ರಿಯ ವ್ಯವಹಾರದ ಇನ್ನೊಂದು ತುದಿ ಮಾತ್ರ ಯಾವ ಊಹಾಪೋಹಕ್ಕೂ ಸಿಕ್ಕಿರಲಿಲ್ಲ. ಪಾಲ್ ಜಾರ್ಜ್‌ಗೆ ಬದಲಾಗಿ ಕ್ಲಿಪ್ಪರ್ಸ್ ಒಕ್ಲಹೋಮಾ ಸಿಟಿಗೆ ಐದು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟರು. ಜತೆಗೆ ಡನಿಲೊ ಗಲಿನಾರಿಯನ್ನೂ, ಒಂದೇ ವರ್ಷ ಆಡಿದ್ದ 20ರ ಹುಡುಗನೊಬ್ಬನನ್ನೂ ಕೊಟ್ಟರು. ಅವತ್ತು ಎಲ್ಲರೂ ಬರೆದದ್ದು ಆ ಆಯ್ಕೆಗಳ ಎಣಿಕೆಯನ್ನು. ಹುಡುಗನ ಹೆಸರು ಶೇ ಗಿಲ್ಜಸ್-ಅಲೆಕ್ಸಾಂಡರ್. ಟೊರಾಂಟೊದಲ್ಲಿ ಹುಟ್ಟಿದವನು, ನಮ್ಮಿಂದ ಒಂದು ಗಂಟೆಯೊಳಗೆ ಹೋಗಬಹುದಾದ ಹ್ಯಾಮಿಲ್ಟನ್‌ನಲ್ಲಿ ಬೆಳೆದವನು. ಅವನನ್ನೂ ಯಾರೂ ಕೇಳಿರಲಿಲ್ಲ. ಕಳಿಸಿದ ಕಡೆ ಹೋದ, ಸೋಲಿನ ಸೀಸನ್‌ಗಳನ್ನು ಉಂಡ. ಕ್ಲಿಪ್ಪರ್ಸ್ ಕೊಟ್ಟ ಆಯ್ಕೆಗಳಲ್ಲಿ ಒಂದರಿಂದ 2022ರಲ್ಲಿ ಜೇಲನ್ ವಿಲಿಯಮ್ಸ್ ಬಂದ. 2024-25ರಲ್ಲಿ ಆ ತಂಡ 68 ಪಂದ್ಯ ಗೆದ್ದಿತು. ಜೂನ್ 22ರಂದು ಇಂಡಿಯಾನಾ ಎದುರು ಏಳನೇ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಸೀಸನ್‌ನ ಶ್ರೇಷ್ಠ ಆಟಗಾರ, ಜಾಸ್ತಿ ಅಂಕ ಗಳಿಸಿದವನು, ಫೈನಲ್ಸ್‌ನ ಶ್ರೇಷ್ಠ ಆಟಗಾರ, ಮೂರೂ ಹ್ಯಾಮಿಲ್ಟನ್ ಹುಡುಗನೇ. ಕ್ಲಿಪ್ಪರ್ಸ್‌ಗೆ ಕವಾಯ್ ಗಾಯಗಳ ನಡುವೆ ಕಪ್ ಬರಲಿಲ್ಲ. ಪಾಲ್ ಜಾರ್ಜ್ 2024ರಲ್ಲಿ ಕರಾರಿನಿಂದ ಹೊರಬಂದು ಫಿಲಡೆಲ್ಫಿಯಾಗೆ ಹೋದ.

2025ರ ಜುಲೈನಲ್ಲಿ ಶೇ ಒಕ್ಲಹೋಮಾ ಸಿಟಿ ಜತೆ ಇನ್ನೂ ನಾಲ್ಕು ವರ್ಷಕ್ಕೆ 28.5 ಕೋಟಿ ಡಾಲರ್ ಕರಾರಿಗೆ ಒಪ್ಪಿದ. ಅದು 2031ರವರೆಗೆ ಹೋಗುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರು ಈಗಲೇ ಲೆಕ್ಕ ಹಾಕಿ ಕಳಿಸಿದ್ದಾರೆ. ಆಗ ಅವನಿಗೆ 32, ಟೊರಾಂಟೊ ಹತ್ತಿರ ಸಂಬಳದ ಜಾಗ ಇರುತ್ತೆ, ಹೆತ್ತವರ ಹತ್ತಿರ ಇರಬೇಕು ಅನ್ನಿಸಬಹುದು ಅಂತ. ಬಂದರೆ ನನಗೆ ತುಂಬಾ ಸಂತೋಷ, ಆದರೆ ಆಗ ಒಕ್ಲಹೋಮಾದವರು ಅವನನ್ನು ಬೈದರೆ ನಾವು ಏನು ಹೇಳುತ್ತೇವೆ ಅಂತ ಕೇಳಿದೆ. "ಊರಿಗೆ ಬರ್ತಿರೋದು ತಾನೇ ಸಾರ್, ಬೈಯೋದು ಯಾಕೆ" ಅಂದರು. ಕವಾಯ್ ಹೆಸರು ತೆಗೆದೆ. ಆ ವಾದ ಇನ್ನೂ ನಡೀತಾ ಇದೆ.